ಬಸ್ ಇಳಿದು ರೈಲು ಹತ್ತುವ ಜಾಗ: ಒಂದು ಪಿಎಚ್‌.ಡಿಗೆ ಅಷ್ಟೇ ಸಾಕು

ಪ್ರಶ್ನೆ: ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಿದ್ದೇನೆ. ‘ಬಾಗಲಕೋಟೆ–ವಿಜಯಪುರ ಸಮಗ್ರ ಸಾರಿಗೆ ವ್ಯವಸ್ಥೆ’ ಕುರಿತು ಅರೆಕಾಲಿಕ ಪಿಎಚ್‌.ಡಿ ಮಾಡುವ ಆಸೆ. ವಿಷಯದ ಹರವು ಹೆಚ್ಚಾಯಿತು ಎನ್ನುತ್ತಾರೆ ಮಾರ್ಗದರ್ಶಕರು. ಎಲ್ಲಿಂದ ಶುರು ಮಾಡಲಿ?
– ಓದುಗರು, ಬಾಗಲಕೋಟೆ

ಉತ್ತರ: ಮಾರ್ಗದರ್ಶಕರು ಹೇಳಿದ್ದು ಸರಿ. ಅದು ಇಲಾಖೆಯ ಯೋಜನಾ ವರದಿಗೆ ಒಪ್ಪುವ ತಲೆಬರಹ. ಸಮಗ್ರ ಸಾರಿಗೆ ಕೆಡುವುದೇ ಒಂದು ವಾಹನ ಬಿಟ್ಟು ಇನ್ನೊಂದನ್ನು ಹಿಡಿಯುವ ಜಾಗದಲ್ಲಿ. ಅಂಥ ಒಂದೇ ಜಾಗ ಆರಿಸಿಕೊಳ್ಳಿ. ವಿಜಯಪುರಕ್ಕೆ ಹೋಗುವವರು ನೇರ ಬಸ್ ಬಿಟ್ಟು ರೈಲು ಹಿಡಿಯಲು ಎಷ್ಟು ಹೊತ್ತು ಕಾಯಲು ಒಪ್ಪುತ್ತಾರೆ ಎಂಬುದಿಷ್ಟೇ ಒಂದು ಪ್ರಬಂಧಕ್ಕೆ ಸಾಕು.

ಯುಜಿಸಿಯ 2022ರ ನಿಯಮದಂತೆ ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಶೇ 55 ಅಂಕ ಬೇಕು. ಅರೆಕಾಲಿಕರು ಕೆಲಸದ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಆಯ್ಕೆಗೆ ಅವಕಾಶವಿದ್ದರೆ ಸಂಖ್ಯಾಶಾಸ್ತ್ರ ಮತ್ತು ಲಾಜಿಟ್ ಮಾದರಿಗಳ (ಜನ ಬಸ್, ರೈಲುಗಳಲ್ಲಿ ಯಾವುದನ್ನು ಆರಿಸುತ್ತಾರೆ ಎಂದು ಅಂದಾಜಿಸುವ ಲೆಕ್ಕ) ಪತ್ರಿಕೆಗಳನ್ನು ಬಿಡಬೇಡಿ.

ಹೆಚ್ಚಿನವರು ಎಡವುವುದು ದತ್ತಾಂಶದಲ್ಲಿ. ನಿಮ್ಮ ಕಡೆ ರೈಲು ಒಂದೇ ಹುಬ್ಬಳ್ಳಿ ವಿಭಾಗದ್ದು. ಬಸ್ ಮಾತ್ರ ಎರಡು ನಿಗಮದ್ದು. ಬಾಗಲಕೋಟೆ ವಾಯವ್ಯ ಕರ್ನಾಟಕ ನಿಗಮಕ್ಕೆ ಸೇರಿದ್ದು, ವಿಜಯಪುರ ಕಲ್ಯಾಣ ಕರ್ನಾಟಕ ನಿಗಮಕ್ಕೆ. ಹಾಗಾಗಿ ಟಿಕೆಟ್ ಮಷಿನ್‌ನ ಮಾಹಿತಿಗೆ ಹುಬ್ಬಳ್ಳಿಗೂ ಕಲಬುರಗಿಗೂ ಅರ್ಜಿ ಹಾಕಬೇಕು. ಕೋರ್ಸ್‌ವರ್ಕ್ ನಡೆಯುವಾಗಲೇ ಹಾಕಿಬಿಡಿ.

ಮಾಹಿತಿ ಕೈಗೆ ಬಂದರೂ ಅದೇ ಪೂರ್ಣ ಎಂದುಕೊಳ್ಳಬೇಡಿ. ಪಾಸ್ ಇರುವ ವಿದ್ಯಾರ್ಥಿಗೆ ಟಿಕೆಟ್ ಹರಿಯುವುದಿಲ್ಲ, ಆದ್ದರಿಂದ ಬೆಳಗಿನ ಕಾಲೇಜು ಗದ್ದಲ ಮಷಿನ್‌ನಲ್ಲಿ ಕಾಣುವುದೇ ಇಲ್ಲ. ದರ ಲೆಕ್ಕದ ಎರಡು ಸ್ಟೇಜ್‌ಗಳ ನಡುವೆ ಇಳಿದವರು ಮುಂದಿನ ಸ್ಟೇಜಿನ ಲೆಕ್ಕಕ್ಕೆ ಹೋಗುತ್ತಾರೆ. ಬಸ್ಸಿನಲ್ಲೇ ಬಾಗಿಲಿಗೊಬ್ಬರನ್ನು ನಿಲ್ಲಿಸಿ ಹತ್ತುವವರನ್ನೂ ಇಳಿಯುವವರನ್ನೂ ಎಣಿಸದೆ ಇದು ಸರಿಯಾಗದು.

‘ಶಕ್ತಿ’ ಯೋಜನೆ ಬಂದದ್ದು 2023ರ ಜೂನ್ 11ರಂದು. ಅದರ ಹಿಂದಿನ, ಮುಂದಿನ ಅಂಕಿಗಳನ್ನು ಒಂದೇ ಮಾದರಿಗೆ ಸುರಿದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ. ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್‌ಗಳಲ್ಲಿ ಕರ್ನಾಟಕದ ಮಹಿಳೆಯರ ದರ ಸೊನ್ನೆ. ಏರಿಳಿತವೇ ಇಲ್ಲದ ದರದಿಂದ ಅದರ ಪ್ರಭಾವ ಹೇಳುವ ಗುಣಾಂಕ ಅಂದಾಜಾಗುವುದಿಲ್ಲ. ಕಾಯುವ ಹೊತ್ತು, ಸೀಟು ಸಿಗುವ ಭರವಸೆ, ರೈಲಿನ ದರ, ನಿಲ್ದಾಣದವರೆಗಿನ ಆಟೊ ಬಾಡಿಗೆ ಬದಲಿಸಿ ಕಾಲ್ಪನಿಕ ಆಯ್ಕೆಗಳನ್ನು ಅವರ ಮುಂದಿಡಿ.

385 ಜನರ ಸ್ಯಾಂಪಲ್ ಸಾಕು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದು ಶೇ 95ರ ವಿಶ್ವಾಸ, ಶೇ 5ರ ತಪ್ಪಿನ ಅಂಚಿನಲ್ಲಿ ಒಂದು ಅನುಪಾತ ಅಳೆಯಲಷ್ಟೇ. ಮಹಿಳೆಯರು, ವಿದ್ಯಾರ್ಥಿಗಳು ಎಂದು ಬೇರೆ ಬೇರೆ ಅಳೆಯುವುದಾದರೆ ಸಾಲದು. ಮನೆಮನೆಗೆ ಹೋದರೆ ರೈಲಿನವರು ಬೆರಳೆಣಿಕೆಯಷ್ಟು ಸಿಗುತ್ತಾರೆ, ಪ್ಲಾಟ್‌ಫಾರ್ಮ್‌ನಲ್ಲೇ ಕೇಳಬೇಕಾಗುತ್ತದೆ. ಆಗ ಲಾಜಿಟ್ ಮಾದರಿಯ ಸ್ಥಿರಾಂಕಗಳು, ಅಂದರೆ ಬಸ್ಸಿನತ್ತಲೋ ರೈಲಿನತ್ತಲೋ ಇರುವ ಮೂಲ ಒಲವಿನ ಅಂಕಿಗಳು, ವಾಲುತ್ತವೆ. ನಿಜವಾದ ಪಾಲಿಗೆ ತಕ್ಕ ತೂಕ ಕೊಡುವುದನ್ನು ಮರೆಯಬೇಡಿ.

ಬಸ್ಸಿಗೆ ಹಿಡಿಯುವ ಹೊತ್ತು ತಿಳಿಯಲು ರಸ್ತೆಯ ವಾಹನ ಎಣಿಕೆಯೂ ಬೇಕು. ಅದನ್ನು ಕಬ್ಬಿನ ಹಂಗಾಮಿನಲ್ಲೊಮ್ಮೆ, ಹಂಗಾಮು ಮುಗಿದ ಮೇಲೊಮ್ಮೆ ಮಾಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 106ರಲ್ಲಿ ಪ್ರತಿ ವಾಹನವನ್ನು ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ: ಕಾರು 1 ಆದರೆ ಟ್ರ್ಯಾಕ್ಟರ್–ಟ್ರೇಲರ್ 4. ಅವುಗಳ ಪಾಲು ಶೇ 10 ಮುಟ್ಟಿದರೆ 5. ಅದು ನಗರದ ರಸ್ತೆಗೆ ಹೇಳಿದ್ದು. ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೊರಟ ಟ್ರ್ಯಾಕ್ಟರಿಗೆ ಅದನ್ನೇ ಹಚ್ಚದೆ, ನಿಮ್ಮ ರಸ್ತೆಯಲ್ಲಿ ನೀವೇ ಅಳೆದುಕೊಳ್ಳಿ.