ಗಾಸ್ ಮತ್ತು ಟೆಸ್ಲಾ: ಯಾವುದು ಸರಿ?

ಪ್ರಶ್ನೆ: ಮಗಳ ಬಿ.ಎಸ್ಸಿ. ಪಠ್ಯದಲ್ಲಿ ಕಾಂತಕ್ಷೇತ್ರವನ್ನು ಟೆಸ್ಲಾದಲ್ಲಿಯೂ ನನ್ನ ಹಳೆಯ ಪುಸ್ತಕದಲ್ಲಿ ಗಾಸ್‌ನಲ್ಲಿಯೂ ಕೊಟ್ಟಿದ್ದಾರೆ. ಎರಡು ವಿದ್ಯುದಾವೇಶಗಳ ನಡುವಿನ ಬಲವನ್ನು ತಿಳಿಸುವ ಕೂಲಂಬ್ ನಿಯಮದ ಸೂತ್ರವೂ ಬೇರೆಯಾಗಿದೆ. ಯಾವುದು ಸರಿ?
– ಓದುಗರೊಬ್ಬರು, ಉಡುಪಿ

ಉತ್ತರ: ಎರಡೂ ಸರಿ. 1 ಟೆಸ್ಲಾ ಎಂದರೆ 10,000 ಗಾಸ್. ನಮ್ಮ ಕರಾವಳಿಯಲ್ಲಿ ಭೂಕಾಂತಕ್ಷೇತ್ರವು ಸುಮಾರು 0.4 ಗಾಸ್, ಅಂದರೆ 40 ಮೈಕ್ರೋಟೆಸ್ಲಾ. ಸೂತ್ರಗಳ ವ್ಯತ್ಯಾಸ ಮಾತ್ರ ಹೀಗೆ ಗುಣಿಸಿ ಮುಗಿಯುವಂಥದ್ದಲ್ಲ. ಗಾಸ್ ಬಳಸುವ ಗಾಸಿಯನ್ ಏಕಮಾನ ಪದ್ಧತಿಯಲ್ಲಿ ಕೂಲಂಬ್ ನಿಯಮದ ಸ್ಥಿರಾಂಕ 1 ಆಗುವಂತೆ ವಿದ್ಯುದಾವೇಶದ ಏಕಮಾನವನ್ನು ಸೆಂಟಿಮೀಟರ್, ಗ್ರಾಂ, ಸೆಕೆಂಡುಗಳಿಂದಲೇ ಕಟ್ಟಿಕೊಳ್ಳುತ್ತಾರೆ. ಟೆಸ್ಲಾ ಬಳಸುವ ಎಸ್‌ಐ (ಅಂತರರಾಷ್ಟ್ರೀಯ ಏಕಮಾನ) ಪದ್ಧತಿಯಲ್ಲಿ ವಿದ್ಯುತ್ ಪ್ರವಾಹದ ಏಕಮಾನವಾದ ಆಂಪಿಯರ್ ಪ್ರತ್ಯೇಕ ಮೂಲ ಏಕಮಾನವಾದುದರಿಂದ ಸೂತ್ರದ ಛೇದದಲ್ಲಿ ನಾಲ್ಕು ಪೈ ಮತ್ತು ನಿರ್ವಾತದ ಎಪ್ಸಿಲಾನ್ (ε₀) ಎಂಬ ಸ್ಥಿರಾಂಕ ಉಳಿಯುತ್ತವೆ. ಗಾಸಿಯನ್‌ನಲ್ಲಿ ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಒಂದೇ ಆಯಾಮವಿರುವುದು ನನಗೆ ಬಹಳ ಸುಂದರವೆನಿಸುತ್ತದೆ. ಆದರೆ ವೋಲ್ಟ್, ಆಂಪಿಯರ್‌ಗಳಲ್ಲಿ ಅಳೆಯುವ ಪ್ರಯೋಗಾಲಯಕ್ಕೆ ಎಸ್‌ಐ ಪದ್ಧತಿಯೇ ಅನುಕೂಲ. ಒಂದೇ ಲೆಕ್ಕದಲ್ಲಿ ಎರಡೂ ಪದ್ಧತಿಗಳ ಸೂತ್ರಗಳನ್ನು ಬೆರೆಸಬಾರದೆಂದು ಮಗಳಿಗೆ ತಪ್ಪದೆ ತಿಳಿಸಿ.