ಪಾಂಡಿಚೇರಿಯಲ್ಲಿ ಫ್ರೆಂಚ್ ಇನ್‌ಸ್ಟಿಟ್ಯೂಟ್ ಇನ್ನೂ ಯಾಕಿದೆ?

ಪ್ರಶ್ನೆ: 1997ರಲ್ಲಿ ಹಾಂಗ್‌ಕಾಂಗ್ ಚೀನಾಗೆ ಸೇರಿದ ಮೇಲೆ ಅಲ್ಲಿನ ಬ್ರಿಟಿಷ್ ಕೌನ್ಸಿಲ್ ಮುಚ್ಚಿತಲ್ವಾ?

ಇಲ್ಲ. ಬ್ರಿಟನ್ನಿನ ಆ ಭಾಷೆ-ಸಂಸ್ಕೃತಿ ಸಂಸ್ಥೆ 1948ರಿಂದ ಅಲ್ಲಿದೆ, ಈಗಲೂ ಇಂಗ್ಲಿಷ್ ಪಾಠ ಹೇಳುತ್ತಿದೆ.

ಪ್ರಶ್ನೆ: ಫ್ರೆಂಚರು ಪಾಂಡಿಚೇರಿ ಬಿಟ್ಟು 70 ವರ್ಷ ಆಯ್ತು. ಫ್ರೆಂಚ್ ಇನ್‌ಸ್ಟಿಟ್ಯೂಟ್ ಮಾತ್ರ ಇನ್ನೂ ಯಾಕಿದೆ? ಖಾಲಿ ಮಾಡಿಸಲು ಮರೆತರಾ?

ಶಾಲೆಗೆ ರಜೆ ಬಂದು ಜನ ಪಾಂಡಿಚೇರಿ ಸುತ್ತಿ ಬಂದರೆ ಸಾಕು, ಈ ಪ್ರಶ್ನೆ ನನ್ನ ಮನೆ ಬಾಗಿಲಿಗೆ ಬರುತ್ತದೆ. ಮರೆತದ್ದಲ್ಲ ಸ್ವಾಮಿ, ಬರೆದು ಒಪ್ಪಿಕೊಂಡದ್ದು.

ಆಡಳಿತ ನಮ್ಮ ಕೈಗೆ ಬಂದದ್ದು 1954ರ ನವೆಂಬರ್ 1ರಂದು. ಇನ್‌ಸ್ಟಿಟ್ಯೂಟ್ ಉದ್ಘಾಟನೆ ಆದದ್ದು 1955ರ ಮಾರ್ಚ್ 21ರಂದು. ತಾರೀಕು ಇನ್ನೊಮ್ಮೆ ನೋಡಿ. ಅದು ಫ್ರೆಂಚರು ಬಿಟ್ಟುಹೋದ ಹಳೇ ಸಾಮಾನಲ್ಲ, ಅಧಿಕಾರ ಬಿಟ್ಟುಕೊಟ್ಟ ಮೇಲೆ ಹುಟ್ಟಿದ್ದು. ಎರಡೂ ಸರ್ಕಾರ ಮಾತಾಡಿಕೊಂಡೇ ಶುರು ಮಾಡಿದವು. ಸಂಶೋಧನಾ ಸಂಸ್ಥೆಯಾಗಿ ಅದು ಮುಂದುವರಿಯಬೇಕು ಅಂತ ಪಾಂಡಿಚೇರಿಯನ್ನು ಕಾನೂನು ಪ್ರಕಾರ ಭಾರತಕ್ಕೆ ಬಿಟ್ಟುಕೊಡುವ 1956ರ ಮೇ 28ರ ಒಪ್ಪಂದದಲ್ಲೂ ಬರೆದರು. ಬೇರೆ ಕಡೆ ಇಂಥ ಕಚೇರಿಗಳ ಗತಿ ಏನಾದೀತು ಅಂತ ಕೇಳುವವರಿಗೂ ಇದೇ ಹೇಳುತ್ತೇನೆ: ಯಾರ ಬಾವುಟ ಹಾರುತ್ತಿದೆ ಅನ್ನೋದು ಆಮೇಲೆ, ಕಾಗದದಲ್ಲಿ ಏನಿದೆ ಅಂತ ಮೊದಲು ನೋಡಿ.

ಆದರೆ ಬರೀ ಕಾಗದ ಇಟ್ಟುಕೊಂಡು ಇಷ್ಟು ವರ್ಷ ನಡೆಸಲಾಗುವುದಿಲ್ಲ. ಸ್ಥಾಪಕ ಜಾನ್ ಫಿಲಿಯೋಜಾ ಶಿವನ ಪೂಜೆ, ದೇವಾಲಯದ ವಿಧಿ ಹೇಳುವ ಶೈವಾಗಮಗಳ ತಾಳೆಗರಿ ಹುಡುಕಿಸಿದರು. ಪಂಡಿತರು ತಮಿಳುನಾಡಿನ ಅರ್ಚಕರ ಮನೆ, ಮಠಗಳಿಗೆ ಹೋಗಿ ಕೇಳಿ ತಂದರು. ತಮಿಳುನಾಡಿನಲ್ಲಿ ಸಂಸ್ಕೃತ ಬರೆಯುವ ಗ್ರಂಥಲಿಪಿಯಲ್ಲಿದ್ದದ್ದನ್ನು ಸಾಲು ಸಾಲಾಗಿ ದೇವನಾಗರಿಗೆ ಇಳಿಸಿದರು. ಆಗಮಗಳ ಪಾಠ ತಿದ್ದಿ ಅಚ್ಚಿಗೆ ಕೊಟ್ಟವರು ನಿಡ್ಡೋಡಿ ರಾಮಚಂದ್ರ ಭಟ್ಟರು. ದಕ್ಷಿಣ ಕನ್ನಡದವರಿಗೆ ಆ ಹೆಸರಲ್ಲೇ ಊರು ಗೊತ್ತಾಗುತ್ತದೆ. 2005ರಲ್ಲಿ ಯುನೆಸ್ಕೋ ಈ ಹಸ್ತಪ್ರತಿಗಳನ್ನು ಜಗತ್ತಿನ ಅಮೂಲ್ಯ ದಾಖಲೆಗಳ 'ವಿಶ್ವ ಸ್ಮರಣೆ' ಪಟ್ಟಿಗೆ ಸೇರಿಸಿತು. 'ಫ್ರೆಂಚರು ನಮ್ಮ ಓಲೆ ಕದ್ದೊಯ್ದರು' ಅಂತ ವಾಟ್ಸಾಪಿನಲ್ಲಿ ಕಳಿಸುವವರೇ, ಓಲೆಗಳು ಪಾಂಡಿಚೇರಿಯಲ್ಲೇ ಇವೆ. ಒಯ್ದದ್ದು ಎಲ್ಲಿಗೆ?

ಇನ್ನು ನಮ್ಮ ಅರಣ್ಯ ಇಲಾಖೆ. 1980ರ ದಶಕದಲ್ಲಿ ಪಶ್ಚಿಮ ಘಟ್ಟದ ಕಾಡಿನ ನಕ್ಷೆ ಮಾಡಿದ್ದು ಇದೇ ಸಂಸ್ಥೆಯ ಜೊತೆ ಸೇರಿ. ಕೊಡಗಿನ ಉಪ್ಪಂಗಳದ ಕಾಡಲ್ಲಿ ಮರ ಎಷ್ಟು ದಪ್ಪ ಆಯ್ತು, ಯಾವುದು ಬಿತ್ತು ಅಂತ ವರ್ಷಗಟ್ಟಲೆ ಲೆಕ್ಕ ಇಟ್ಟವರೂ ಇವರೇ. ಇಷ್ಟು ಕೆಲಸಕ್ಕೆ ಬರುವ ಸಂಸ್ಥೆಯನ್ನು ಸುಮ್ನೆ ಯಾರು ಓಡಿಸುತ್ತಾರೆ?

ಪ್ರಶ್ನೆ: ನಮ್ಮ ಅಜ್ಜ ಪಾಂಡಿಚೇರಿಯಲ್ಲೇ ಹುಟ್ಟಿ ಅಲ್ಲೇ ಇದ್ದವರು. ಫ್ರೆಂಚ್ ಪಾಸ್‌ಪೋರ್ಟ್ ಗ್ಯಾರಂಟಿ ಅಂತ ಏಜೆಂಟ್ ಒಬ್ಬ 2 ಲಕ್ಷ ಕೇಳುತ್ತಿದ್ದಾನೆ. ಕೊಡಬಹುದಾ?

ಬೇಡ. ಮೇಲೆ ಹೇಳಿದ 1956ರ ಒಪ್ಪಂದ ಜಾರಿಗೆ ಬಂದದ್ದು 1962ರ ಆಗಸ್ಟ್ 16ರಂದು. ಅಜ್ಜನಂಥವರು ಫ್ರೆಂಚ್ ಪೌರತ್ವವೇ ಬೇಕೆಂದರೆ ಅಲ್ಲಿಂದ 6 ತಿಂಗಳೊಳಗೆ ಬರೆದುಕೊಡಬೇಕಿತ್ತು. ಅವರು ಬರೆದುಕೊಟ್ಟಿದ್ದರಾ? ಟ್ರಂಕು ತೆಗೆದು ಹುಡುಕಿ. ಕಾಗದ ಸಿಕ್ಕರೆ ಕಾನ್ಸುಲೇಟಿಗೆ ನೀವೇ ಹೋಗಿ. ಸಿಗದಿದ್ದರೆ ಏಜೆಂಟ್ ಅದನ್ನು ಎಲ್ಲಿಂದ ತರುತ್ತಾನೆ ಅಂತ ಯೋಚನೆ ಮಾಡಿ.