ತಾಳವಾಡಿ ಕಡೆ ಅರ್ಧ ಎಕರೆಯಲ್ಲಿ ಬೇಸಿಲ್, ರೋಸ್‌ಮೇರಿ, ಥೈಮ್ ಬೆಳೆದರೆ ಗಿಟ್ಟುತ್ತದಾ? ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಬೆಳೆ ಮನೆ) ಬೇಕಾ?

ತಮಿಳುನಾಡಿನ ಗಡಿಯ ತಾಳವಾಡಿ ಹತ್ತಿರ ಅಪ್ಪನ ಅರ್ಧ ಎಕರೆ ಇದೆ, ಬೋರ್‌ವೆಲ್ ಇದೆ, ಬೇಸಿಲ್, ರೋಸ್‌ಮೇರಿ, ಥೈಮ್‌ನಂಥ ಪರಿಮಳದ ಸೊಪ್ಪು ಹಾಕಿ ಬೆಂಗಳೂರಿನ ಹೋಟೆಲ್‌ಗಳಿಗೆ ಕಳಿಸಬೇಕು ಅಂತಿದ್ದೀನಿ ಎಂದು ಬರೆದಿದ್ದೀರಿ. ನಾನೂ ಅದೇ ಸೀಮೆಯವನು. ರಾಜ್‌ಕುಮಾರ್ ಅವರ ಗಾಜನೂರು ಅಂದರೆ ಕರ್ನಾಟಕದವರಿಗೆ ಬೇಗ ಗೊತ್ತಾಗುತ್ತದೆ, ಆ ಕಡೆ. ಸೊಪ್ಪು ಬೆಳೆದೇ ಮನೆ ನಡೆಯುತ್ತಿದೆ. ಗಿಟ್ಟುತ್ತದೆ, ಆದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಸೊಪ್ಪಿನಿಂದಲೇ ಮೊದಲು ಗಿಟ್ಟುವುದು.

ಯಾವ ಸೊಪ್ಪು ಹಾಕಬೇಕು ಎನ್ನುವುದಕ್ಕಿಂತ, ಕೊಯ್ದ ಮೇಲೆ ಅದು ಎಷ್ಟು ಹೊತ್ತು ಕಾಯುತ್ತದೆ ಅಂತ ನೋಡಿ. ಕೊತ್ತಂಬರಿ ಬೆಳಗ್ಗೆ ಕಿತ್ತರೆ ಮಧ್ಯಾಹ್ನದ ಬಿಸಿಲಿಗೆ ತಲೆ ಬಗ್ಗಿಸುತ್ತದೆ. ಪುದೀನ ಸ್ವಲ್ಪ ಗಟ್ಟಿ. ರೋಸ್‌ಮೇರಿ ಒಂದು ವಾರ ಆದರೂ ಹಾಗೇ ಇರುತ್ತದೆ, ಒಣಗಿದ ಮೇಲೂ ಪರಿಮಳ ಉಳಿಯುತ್ತದೆ. ನಮ್ಮ ಊರಿಂದ ದಾರಿಗಳು ಎರಡೇ ಅಲ್ವಾ? ಚಾಮರಾಜನಗರದ ಕಡೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ಘಾಟಿ ಇಲ್ಲ. ಸತ್ಯಮಂಗಲದ ಕಡೆ ಹೋದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. 2022ರ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಅದಕ್ಕೇ ಬೇಗ ಬಾಡುವ ಸೊಪ್ಪು ಚಾಮರಾಜನಗರಕ್ಕೆ. ಬೆಂಗಳೂರಿಗೆ ಏನಿದ್ದರೂ ಕಾಯುವ ತಾಕತ್ತು ಇರುವಂಥದ್ದು.

ಮೊದಲ ವರ್ಷ ಕೊತ್ತಂಬರಿ, ಸಬ್ಬಸಿಗೆ, ಪುದೀನ ಹಾಕಿ. ಇಡೀ ಅರ್ಧ ಎಕರೆಗೆ ಒಂದೇ ದಿನ ಕೊತ್ತಂಬರಿ ಬಿತ್ತಬೇಡಿ. ಒಂದೇ ವಾರದಲ್ಲಿ ಎಲ್ಲವೂ ಕೊಯ್ಲಿಗೆ ಬರುತ್ತದೆ, ಅದೇ ವಾರ ರೇಟ್ ಬಿದ್ದರೆ ಕೀಳುವ ಆಳಿನ ಕೂಲಿಯೂ ಹುಟ್ಟುವುದಿಲ್ಲ. ಅರ್ಧ ಎಕರೆ ಅಂದರೆ ತಮಿಳುನಾಡಿನ ಲೆಕ್ಕದಲ್ಲಿ 50 ಸೆಂಟ್. ವಾರಕ್ಕೆ ಎರಡು ಸೆಂಟ್ ಬಿತ್ತುತ್ತಾ ಹೋಗಿ. ನಲವತ್ತು ದಿನಕ್ಕೆ ಮೊದಲ ಮಡಿ ಕೀಳಲು ಬರುತ್ತದೆ, ಆಮೇಲೆ ವಾರ ವಾರ ಒಂದೊಂದು ಮಡಿ. ದಿನಾ ಬರುವ ಅಂಗಡಿಯವನಿಗೆ ಬೇಕಾಗಿರುವುದು ಇದೇ. ಒಂದು ವಾರ ಸೊಪ್ಪು ಇಲ್ಲ ಅಂದರೆ ಅವನು ಬೇರೆಯವರನ್ನು ಹಿಡಿಯುತ್ತಾನೆ.

ಬಿತ್ತನೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಬೀಜ ಕೆಟ್ಟದ್ದು ಅಂತ ಅಂಗಡಿಯವನನ್ನು ಬೈಯುವುದು ಇಲ್ಲೇ. ಗುಂಡಗಿನ ಧನಿಯಾ ಕಾಳು ನಿಜವಾಗಿ ಒಂದು ಕಾಯಿ, ಒಳಗೆ ಎರಡು ಬೀಜ. ಗೋಣಿ ಚೀಲ ಹಾಸಿ, ಕಾಳು ಹರಡಿ, ಮರದ ತುಂಡಿನಿಂದ ಹಗುರಾಗಿ ಉಜ್ಜಿ. ಟಕ್ ಅಂತ ಎರಡು ಹೋಳಾಗುತ್ತದೆ. ಜೋರಾಗಿ ಒತ್ತಿದರೆ ಪುಡಿ, ಸಾರಿಗೇ ಹಾಕಬೇಕು. ಹೋಳಾದದ್ದನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೆರಳಿನಲ್ಲಿ ಕೈಗೆ ಅಂಟದಷ್ಟು ಆರಿಸಿ ಬಿತ್ತಿ. ಎಂಟರಿಂದ ಹನ್ನೆರಡು ದಿನಕ್ಕೆ ಮೊಳಕೆ ಕಾಣುತ್ತದೆ. ಅಲ್ಲಿಯವರೆಗೆ ಮಣ್ಣಿನ ಮೇಲ್ಪದರ ಒಣಗಬಾರದು. ಪೈಪಿನ ನೀರನ್ನು ನೇರವಾಗಿ ಬಿಡಬೇಡಿ, ಬೀಜವೆಲ್ಲ ಮಡಿಯ ಒಂದು ಮೂಲೆಗೆ ಹೋಗಿ ಕೂರುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ಎಂಬ ಕೊತ್ತಂಬರಿ ತಳಿಯನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಒಳ್ಳೆಯ ತಳಿ. ಆದರೆ ನಮ್ಮ ಸಂತೆಯಲ್ಲಿ ಬೇರಿಲ್ಲದ ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಡುತ್ತಾರೆ. ಹೋಟೆಲ್, ಮೆಸ್‌ನವರಿಗೆ ಕೊಡುವುದಾದರೆ ಮಾತ್ರ ಅದನ್ನು ಹಾಕಿ.

ಪುದೀನಕ್ಕೆ ಬೀಜ ಬೇಡ. ಸಂತೆಯಿಂದ ತಂದ ಕಟ್ಟಿನಲ್ಲಿ ಗಟ್ಟಿ ಕಡ್ಡಿ ಆರಿಸಿ ನೆಟ್ಟರೆ ಸಾಕು. ಔಷಧಿ ಸಸ್ಯ ಮಾರುವವರು ಕೋಸಿ ಅಂತ ಒಂದು ತಳಿ ಕೊಡುತ್ತಾರೆ, ಅದು ಮೆಂಥಾಲ್ ಎಣ್ಣೆ ತೆಗೆಯುವುದಕ್ಕೆ. ಚಟ್ನಿ ಮಾಡಿದರೆ ಟೂತ್‌ಪೇಸ್ಟ್ ತಿಂದ ಹಾಗಿರುತ್ತದೆ. ಎಲೆ ಕೆಳಗೆ ಕಂದು ಪುಡಿ ಕಂಡರೆ ತುಕ್ಕು ರೋಗ. ಔಷಧಿ ಹೊಡೆಯುವ ಬದಲು ಇಡೀ ಮಡಿಯನ್ನು ನೆಲಮಟ್ಟಕ್ಕೆ ಕೊಯ್ದು ಸುಟ್ಟುಬಿಡಿ, ಹೊಸ ಚಿಗುರು ಬರುತ್ತದೆ. ಸೊಪ್ಪನ್ನು ಜನ ಹಸಿಯಾಗಿಯೇ ತಿನ್ನುತ್ತಾರೆ ಅನ್ನುವುದು ತಲೆಯಲ್ಲಿರಲಿ. ಕೊಯ್ಲು ಹತ್ತಿರ ಇದ್ದಾಗ ಕೀಟನಾಶಕ ಹೊಡೆಯುವವರ ಸೊಪ್ಪನ್ನು ನಾನಂತೂ ನಮ್ಮ ಮನೆಗೆ ತರುವುದಿಲ್ಲ.

ಈಗ ನಿಮ್ಮ ಬೇಸಿಲ್. ನಮ್ಮ ಕಾಮಕಸ್ತೂರಿಯ ಜಾತಿಯೇ ಅದು, ಬೀಜ ನೀರು ಮುಟ್ಟಿದರೆ ಲೋಳೆಯಾಗುತ್ತದೆ. ಬೆಳೆಯುವುದು ಕಷ್ಟವೇ ಇಲ್ಲ. ಗೇಣುದ್ದ ಆದಾಗ ತುದಿ ಚಿವುಟಿ, ಎರಡು ಕವಲು ಒಡೆಯುತ್ತದೆ; ಅವನ್ನೂ ಚಿವುಟಿ. ಹೂ ಬಿಟ್ಟರೆ ಎಲೆ ಸಣ್ಣದಾಗಿ ಕಹಿಯಾಗುತ್ತದೆ. ಕಷ್ಟ ಇರುವುದು ಕಳಿಸುವುದರಲ್ಲಿ. ಹತ್ತು ಡಿಗ್ರಿಗಿಂತ ತಣ್ಣಗಾದರೆ ಬೇಸಿಲ್ ಎಲೆ ಕಪ್ಪಾಗುತ್ತದೆ. ಐಸ್ ಹಾಕಿದ ಡಬ್ಬಿಯಲ್ಲಿ ಕಳಿಸಿದರೂ, ಹೋಟೆಲ್‌ನವರು ಫ್ರಿಜ್‌ನಲ್ಲಿ ತುರುಕಿದರೂ ಅದೇ ಕಥೆ, ಮಾಲು ಕೆಟ್ಟದ್ದು ಅನ್ನುವ ಮಾತು ನಿಮಗೆ. ಎಷ್ಟು ಕೆಜಿ, ವಾರದ ಯಾವ ದಿನ, ದುಡ್ಡು ಯಾವಾಗ ಅಂತ ಒಬ್ಬ ಹೋಟೆಲ್‌ನವನ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಅದಾದ ಮೇಲೆ ಒಂದೇ ಸೆಂಟ್ ಹಾಕಿ ನೋಡಿ.

ರೋಸ್‌ಮೇರಿಗೆ ನಮ್ಮ ಕೆಂಪು ಮಣ್ಣು ಒಗ್ಗುತ್ತದೆ, ನೀರು ನಿಲ್ಲಬಾರದು ಅಷ್ಟೆ. ಅಕ್ಟೋಬರ್, ನವೆಂಬರ್ ಮಳೆಗೆ ಬೇರು ಕೊಳೆಯದ ಹಾಗೆ ಏರುಮಡಿ ಮಾಡಿ. ಬೀಜದಿಂದ ಮಾಡಲು ಹೋಗಬೇಡಿ, ಮೊಳಕೆ ಬರುವುದೇ ಕಡಿಮೆ. ನಾಲ್ಕೈದು ಇಂಚಿನ ಕಡ್ಡಿ ನೆಟ್ಟರೆ ಒಂದೂವರೆ ತಿಂಗಳಲ್ಲಿ ಬೇರು ಬಿಡುತ್ತದೆ. ಮೊದಲ ವರ್ಷ ದುಡ್ಡು ನೋಡಬೇಡಿ, ಆಮೇಲೆ ವರ್ಷಗಟ್ಟಲೆ ಕೊಯ್ಯಬಹುದು. ಮಾರಾಟವಾಗದೆ ಉಳಿದರೆ ನೆರಳಿನಲ್ಲಿ ಒಣಗಿಸಿ ಇಡಿ, ಬಿಸಿಲಿಗೆ ಹಾಕಿದರೆ ಪರಿಮಳದ ಎಣ್ಣೆ ಹಾರಿಹೋಗುತ್ತದೆ. ಪ್ಯಾಕೆಟ್ ಮಾಡಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಥೈಮ್ ಬಿಡಿ. ಅದಕ್ಕೆ ತಂಪು ಬೇಕು, ನೀಲಗಿರಿಯವರ ಎದುರು ನಮ್ಮ ಏಪ್ರಿಲ್ ಬಿಸಿಲಲ್ಲಿ ಪೈಪೋಟಿ ಸುಮ್ನೆ.

ನೀವು ಕೇಳದ ಒಂದು ವಿಷಯ: ಆನೆ. ಸುತ್ತ ಹುಲಿ ಸಂರಕ್ಷಿತ ಕಾಡು. ಪುದೀನ, ರೋಸ್‌ಮೇರಿ ತಿನ್ನಲು ಅವು ಬರುವುದಿಲ್ಲ, ಪಕ್ಕದ ಜೋಳಕ್ಕೋ ಬಾಳೆಗೋ ಹೋಗುವಾಗ ನಿಮ್ಮ ಡ್ರಿಪ್ ಪೈಪ್ ತುಳಿದುಕೊಂಡು ಹೋಗುತ್ತವೆ. ಹಂದಿ ಇನ್ನೂ ಕಾಟ, ನೀರು ಬಿಟ್ಟ ಮೆತ್ತನೆ ಮಡಿಯನ್ನು ಹುಳು ಹುಡುಕಿ ಅಗೆಯುತ್ತದೆ. ಮೊದಲ ಖರ್ಚು ಬೇಲಿಗೆ.

ಮಣ್ಣು, ಬೋರ್ ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಗೋಬಿಚೆಟ್ಟಿಪಾಳ್ಯದ ಮೈರಾಡ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಪಾಲಿಹೌಸ್ ಖಂಡಿತ ಬೇಡ, ಆ ಸಾಲ ತೀರಿಸುವಷ್ಟು ಕೊತ್ತಂಬರಿ ಈ ಅರ್ಧ ಎಕರೆಯಲ್ಲಿ ಬೆಳೆಯುವುದಿಲ್ಲ. ಬಿಸಿಲು ಜಾಸ್ತಿಯಾದರೆ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ತಿರುಗುತ್ತದೆ. ಅದಕ್ಕೆ ಮಾರ್ಚ್‌ನಿಂದ ಮೇವರೆಗೆ ಕಂಬ ನೆಟ್ಟು ಮೇಲೆ ನೆರಳಿನ ಬಲೆ (ಶೇಡ್‌ನೆಟ್) ಎಳೆದರೆ ಸಾಕು.